ಮೂವತ್ತೊಂದನೇ ಮನೆ

ನಗರಸಭೆಯ ವಸತಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ನೋಟಿಸು ಟೈಪ್ ಮಾಡಿದವನು ನಾನು. ಆಕೆಯ ಮೇಜು ನನ್ನ ಮೇಜಿನ ಎದುರಿಗೇ ಇತ್ತು. ಕಚೇರಿಯ ಲೆಕ್ಕದಲ್ಲಿ ಆಕೆ ವಾಸ ತಪಾಸಣೆಗಾರ್ತಿ. ನಮ್ಮ ವಲಯದ ಹನ್ನೊಂದು ಕಟ್ಟಡಗಳಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಬ್ರಷ್ ಮೇಡಂ. ಬೆಳಗ್ಗೆ ಏಳಕ್ಕೆಲ್ಲ ಹೋಗಿ ಬಾಗಿಲು ತಟ್ಟುತ್ತಿದ್ದಳು. ಒಳಗೆ ಕಾಲಿಟ್ಟವಳು ಯಾರನ್ನೂ ಮಾತಾಡಿಸದೆ ನೇರ ಬಚ್ಚಲಿಗೆ ನಡೆದು, ಹಲ್ಲುಜ್ಜುವ ಬ್ರಷ್‌ಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು.

"ಚಾಪೆ ಸುತ್ತಿಡ್ತಾರೆ, ಬಟ್ಟೆ ಮುಚ್ಚಿಡ್ತಾರೆ, ಚಪ್ಪಲಿ ಪಕ್ಕದ ಮನೆಗೆ ಸಾಗಿಸ್ತಾರೆ. ಒದ್ದೆ ಬ್ರಷ್ ಬಚ್ಚಿಡ್ಬೇಕು ಅಂತ ಮಾತ್ರ ಯಾರಿಗೂ ಹೊಳೆಯಲ್ಲ ನೋಡಿ," ಎಂದು ನನಗೆ ಹೇಳಿಕೊಟ್ಟಿದ್ದಳು. ಆರು ಒದ್ದೆ ಬ್ರಷ್ ಇದ್ದರೆ ಆರು ಜನ. ಏಳಿದ್ದರೆ ಯಾರೋ ಒಬ್ಬರು ಮನೆಯವರ ಪಟ್ಟಿಯಲ್ಲಿಲ್ಲದವರು. ಎಲ್ಲವೂ ಒಣಗಿದ್ದರೆ ಆ ಮನೆಯಲ್ಲಿ ಯಾರೂ ವಾಸವಿಲ್ಲ, ಬೀಗಕ್ಕೆ ಮಾತ್ರ ಮನೆ.

ಆ ಮನೆಗಳ ಬಗ್ಗೆ ಎರಡು ಮಾತು ಹೇಳಬೇಕು. ನಗರಸಭೆ ತನ್ನ ಸ್ವಂತ ಜಾಗದಲ್ಲಿ ಕಟ್ಟಿಸಿದ್ದವು ಅವು. ಎರಡು ಕೋಣೆ, ಅಡುಗೆಮನೆ, ಬಚ್ಚಲು. ದುಡಿಮೆಯ ಆರನೇ ಒಂದು ಪಾಲು ಬಾಡಿಗೆ, ಅದಕ್ಕಿಂತ ಒಂದು ಕಾಸು ಹೆಚ್ಚಿಲ್ಲ. ಕೆಲಸ ಹೋದರೆ ಬಾಡಿಗೆಯೂ ಇಳಿಯುತ್ತಿತ್ತು. ಜಾಗ ಮಾರಬಾರದು, ಮನೆ ಮಾರಬಾರದು, ಒಳಬಾಡಿಗೆಗೆ ಕೊಡಬಾರದು. ಕಸ ಗುಡಿಸುವವರು, ಬಸ್ಸಿನ ಕಂಡಕ್ಟರುಗಳು, ಆಸ್ಪತ್ರೆಯ ಆಯಾಗಳು ಪೇಟೆಯ ನಟ್ಟನಡುವೆ ತಲೆಯೆತ್ತಿ ಬದುಕುತ್ತಿದ್ದರು. ನಮ್ಮ ಹಿಂದಿನವರು ಬಹಳ ಯೋಚಿಸಿ ಮಾಡಿದ ಕೆಲಸ ಅದು. ಕಾನೂನುಗಳೂ ಸಣ್ಣವೇ: ಎರಡು ಕೋಣೆಗೆ ಆರು ಜನ. ನೆಂಟರು ಬಂದರೆ ಹದಿನಾಲ್ಕು ದಿನ. ಏಳನೆಯವರು ಕಂಡರೆ ಮೂವತ್ತು ದಿನದ ನೋಟಿಸು. ಅಷ್ಟರೊಳಗೆ ಕಳಿಸಬೇಕು, ಇಲ್ಲವೇ ಮನೆ ಬಿಡಬೇಕು. ಬಿಟ್ಟವರು ಐದು ವರ್ಷ ಮತ್ತೆ ಅರ್ಜಿ ಹಾಕುವ ಹಾಗಿಲ್ಲ.

ಆಕೆಯೂ ಅಂಥದೇ ಒಂದು ಮನೆಯಲ್ಲಿ ಇದ್ದವಳು. ಚಿಕ್ಕವಳಿದ್ದಾಗ ಏಳು ಜನ ಒಂದು ಗೋದಾಮಿನ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗುತ್ತಿದ್ದರಂತೆ. ಮೇಲೆ ಯಾರಾದರೂ ಹತ್ತಿದರೆ ಕಣ್ಣಿಗೆ ಮಣ್ಣು ಉದುರುತ್ತಿತ್ತು. ಆಕೆಗೆ ಹತ್ತೊಂಬತ್ತಾಗುವ ಹೊತ್ತಿಗೆ, ಅಣ್ಣಂದಿರು ಕಂಡಕಂಡ ಕಡೆ ಚದುರಿಹೋಗಿ ಅಮ್ಮ, ಆಕೆ, ತಂಗಿ ಮೂರೇ ಜನ ಉಳಿದಾಗ, ಮನೆ ಸಿಕ್ಕಿತು. ಮೊದಲ ದಿನವೆಲ್ಲ ಅವರಮ್ಮ ಕಿಟಕಿ ತೆಗೆಯುವುದು, ಮುಚ್ಚುವುದು, ಮತ್ತೆ ತೆಗೆಯುವುದು. "ಅಮ್ಮ, ಗಾಳಿಗೂ ಸುಸ್ತಾಗುತ್ತೆ, ಬಿಡು," ಎಂದು ತಂಗಿ ನಗಿಸಿದ್ದಳಂತೆ. ಇದನ್ನು ಹೇಳುವಾಗ ಆಕೆಯ ಮುಖದಲ್ಲಿ ಒಂದು ಬೆಳಕು ಬರುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ, ತಂಗಿಯ ಮದುವೆಯಾದ ಮೇಲೆ, ಒಬ್ಬಳೇ ಎಂಬ ಕಾರಣಕ್ಕೆ ಆ ಮನೆ ಬಿಡಿಸಿ ಒಂದು ಕೋಣೆಯ ಮನೆ ಕೊಟ್ಟರು. ಕಾನೂನು ಕಾನೂನೇ ಎಂದು ಸುಮ್ಮನೆ ಗಂಟುಮೂಟೆ ಕಟ್ಟಿದಳು.

ಮೊದಲ ಹದಿನೈದು ವರ್ಷ ಆಕೆ ಒಳ್ಳೆಯ ತಪಾಸಣೆಗಾರ್ತಿಯಾಗಿದ್ದಳು. ನಾನು 'ಒಳ್ಳೆಯ' ಎಂದದ್ದು ಮನುಷ್ಯರ ಲೆಕ್ಕದಲ್ಲಿ. ಏಳನೇ ಬ್ರಷ್ ಕಂಡರೆ ಹೊರಗೆ ಬಂದು, "ಯಾರೋ ನೆಂಟರು ಬಂದ ಹಾಗಿದೆ. ನಿನ್ನೆ ಬಂದ್ರು ಅಲ್ವಾ?" ಎನ್ನುತ್ತಿದ್ದಳು. ಪ್ರಶ್ನೆಯ ಹೊಟ್ಟೆಯಲ್ಲೇ ಉತ್ತರ. ಮನೆಯವರು "ಹೌದು ಮೇಡಂ, ನಿನ್ನೆ," ಅಂದರೆ ಅಷ್ಟನ್ನೇ ಬರೆದು ಕೆಳಗಿಳಿಯುತ್ತಿದ್ದಳು. ಬೀಗ ಜಡಿದು ಒಳಬಾಡಿಗೆ ತಿನ್ನುತ್ತಿದ್ದವರನ್ನು ಮಾತ್ರ ಬಿಡುತ್ತಿರಲಿಲ್ಲ. ವರ್ಷಕ್ಕೆ ಐದಾರು ಮನೆ ಹಾಗೆ ಖಾಲಿಯಾಗುತ್ತಿದ್ದವು. ಎರಡು ಮೂರು ವರ್ಷಕ್ಕೊಂದು ಹೊಸ ಕಟ್ಟಡವೂ ಏಳುತ್ತಿದ್ದುದರಿಂದ ಕಾಯುವವರ ಪಟ್ಟಿ ನಿಧಾನವಾಗಿಯಾದರೂ ಮುಂದೆ ಸರಿಯುತ್ತಿತ್ತು.

ಆಮೇಲೆ ಹೊಸ ಅಧಿಕಾರಿ ಬಂದರು. ಬಿಳಿ ಅಂಗಿ, ಮೆಲುದನಿ, ಯಾರನ್ನೂ ಗದರದ ಮನುಷ್ಯ. ಹನ್ನೆರಡನೇ ಕಟ್ಟಡಕ್ಕೆಂದು ಮೀಸಲಿಟ್ಟಿದ್ದ ಜಾಗ ಅಷ್ಟರಲ್ಲಿ ದೊಡ್ಡ ಅಂಗಡಿ ಸಮುಚ್ಚಯದ ಪಾಲಾಗಿತ್ತು. ಅದರ ಮೇಲಿನ ಮೂರು ಮಹಡಿ ಬಡವರ ಮನೆಗೆ ಎಂದು ಕಾಗದದಲ್ಲಿತ್ತು. ಕಟ್ಟಿ ಮುಗಿದಾಗ ಅದು ಕಾರು ನಿಲ್ಲಿಸುವ ಜಾಗವಾಗಿತ್ತು. ಅಧಿಕಾರಿ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು: "ಹೊಸದು ಕಟ್ಟೋದು ಇನ್ನು ಮರೆತುಬಿಡಿ. ಇರೋ ಮನೇನ ಬಿಡಿಸಿ ಕೊಡೋಣ. ಒಂದು ಮನೆ ಖಾಲಿ ಆದ್ರೆ ಪಟ್ಟೀಲಿ ಒಬ್ಬರು ಮುಂದೆ ಬರ್ತಾರೆ. ಇದೂ ಬಡವರ ಸೇವೆನೇ."

ಆಕೆ ಎದ್ದು ನಿಂತು, "ಸಾರ್, ಬಸ್ ಡಿಪೋ ಹಿಂದೆ ನಗರಸಭೆ ಜಾಗ ಇನ್ನೂ ಖಾಲಿ ಬಿದ್ದಿದೆಯಲ್ಲ, ಅಲ್ಲಿ ಎರಡು ಕಟ್ಟಡ ಆಗುತ್ತೆ," ಎಂದಳು. ಆ ಮಾತು ಹೇಳಿದವಳು ಅವಳೊಬ್ಬಳೇ; ನಾನು ಪೆನ್ನಿನ ಮುಚ್ಚಳ ನೋಡುತ್ತಾ ಕೂತಿದ್ದೆ. ಅಧಿಕಾರಿ ನಕ್ಕು, "ನೀವು ಬ್ರಷ್ ಎಣಿಸಿ ಮೇಡಂ," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅದೇ ವಾರ ಆಕೆಯ ತಂಗಿಯ ಗಂಡ ಗೋಡೆಗೆ ಬಣ್ಣ ಬಳಿಯುವಾಗ ಸಾರುವೆಯಿಂದ ಬಿದ್ದು ತೀರಿಕೊಂಡ. ತಂಗಿ ಇಸ್ತ್ರಿ ಅಂಗಡಿಯಲ್ಲಿ ನಿಂತು ದುಡಿಯುವವಳು, ಇಬ್ಬರು ಹೆಣ್ಣುಮಕ್ಕಳು. ಟೈರ್ ರಿಪೇರಿ ಅಂಗಡಿಯ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಮಾಲೀಕ ನಲ್ಲಿಗೂ ಬೀಗ ಹಾಕುತ್ತಿದ್ದ; ನೀರು ಬೇಕಾದರೆ ಅವನನ್ನು ಕರೆಯಬೇಕು, ಅವನು ಬಾಗಿಲ ಬಳಿ ನಿಂತೇ ಇರುತ್ತಿದ್ದ, ದೊಡ್ಡ ಹುಡುಗಿಗೆ ಹದಿನಾಲ್ಕು. ತಂಗಿ ಅರ್ಜಿ ಹಾಕಿ ಎಂಟು ವರ್ಷವಾಗಿತ್ತು. ಪಟ್ಟಿಯಲ್ಲಿ ಅವಳ ಸಂಖ್ಯೆ ಮೂವತ್ತೊಂದು.

ಆಕೆ ಪಟ್ಟಿ ತಿದ್ದಲಿಲ್ಲ. ಯಾರ ಕಾಲೂ ಹಿಡಿಯಲಿಲ್ಲ. ಮಾಡಿದ್ದು ಇಷ್ಟೇ: "ನಿನ್ನೆ ಬಂದ್ರು ಅಲ್ವಾ?" ಎನ್ನುವುದನ್ನು ಬಿಟ್ಟು "ಯಾವಾಗ ಬಂದ್ರು?" ಎಂದು ಕೇಳತೊಡಗಿದಳು.

ಜನ ಅಭ್ಯಾಸಬಲದಿಂದ ಆಕೆಯ ಮುಖ ನೋಡುತ್ತಾ ಉಳಿದ ಮಾತಿಗೆ ಕಾಯುತ್ತಿದ್ದರಂತೆ. ಅದು ಬರುತ್ತಿರಲಿಲ್ಲ. ಕೆಲವರು ಸುಳ್ಳು ಹೇಳಿ ತೊದಲಿದರು, ಕೆಲವರು ನಿಜ ಹೇಳಿ ಕೆಟ್ಟರು. ಗಂಡ ಬಿಟ್ಟ ಮಗಳನ್ನು ಇಟ್ಟುಕೊಂಡಿದ್ದ ಕಂಡಕ್ಟರ್ ಮನೆ ಹೋಯಿತು. ಬಾಣಂತನಕ್ಕೆ ಬಂದ ಮಗಳು ಹದಿನೈದನೇ ದಿನವೂ ಹಾಸಿಗೆಯಲ್ಲೇ ಇದ್ದ ಆಯಾಳ ಮನೆ ಹೋಯಿತು. ಎರಡು ಊರಲ್ಲಿ ಪಾಳಿ ಕೆಲಸ ಮಾಡುತ್ತಾ ವಾರಕ್ಕೆ ಮೂರು ದಿನ ಮಾತ್ರ ಬರುತ್ತಿದ್ದ ಕಾವಲುಗಾರನ ಬ್ರಷ್ ಒಣಗಿತ್ತು, ಅವನದೂ ಹೋಯಿತು. ಎಲ್ಲ ನೋಟಿಸುಗಳನ್ನೂ ನಾನೇ ಟೈಪ್ ಮಾಡಿದೆ. ಪ್ರತಿ ಮನೆ ಖಾಲಿಯಾದಾಗಲೂ ಗೋಡೆಗೆ ಅಂಟಿಸಿದ ಪಟ್ಟಿಯ ಮೊದಲ ಹೆಸರಿಗೆ ನಾನು ಗೆರೆ ಎಳೆಯುತ್ತಿದ್ದೆ, ಆಕೆ ನನ್ನ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು. ತಂಗಿಯ ಸಂಖ್ಯೆ ಇಪ್ಪತ್ತು ಆಯಿತು. ಹನ್ನೊಂದು ಆಯಿತು. ಅಧಿಕಾರಿ ಆಕೆಗೆ ಪ್ರಶಂಸಾಪತ್ರ ಕೊಟ್ಟರು. ಕಟ್ಟಡಗಳ ಮೆಟ್ಟಿಲಲ್ಲಿ ಆಕೆ ಹತ್ತುವ ಸದ್ದು ಕೇಳಿದರೆ ಮಕ್ಕಳು ಅಳುವುದನ್ನೂ ನಿಲ್ಲಿಸುತ್ತಾರೆ ಎಂದು ಕಚೇರಿಯಲ್ಲಿ ತಮಾಷೆ ಮಾಡುತ್ತಿದ್ದೆವು.

"ನಾನು ಒಂದೇ ಒಂದು ಸುಳ್ಳು ಬರೆದಿದ್ದು ತೋರಿಸಿ ನೋಡೋಣ," ಎಂದು ಒಮ್ಮೆ ನಾನು ಕೇಳದೆಯೇ ಆಕೆ ನನಗೆ ಸವಾಲು ಹಾಕಿದಳು. ಅಲ್ಲಿಯವರೆಗೆ ನಿಜಕ್ಕೂ ಒಂದೂ ಇರಲಿಲ್ಲ.

ಹದಿಮೂರನೇ ತಿಂಗಳಿಗೆ ಪಟ್ಟಿಯಲ್ಲಿ ತಂಗಿಯ ಹೆಸರು ಮೊದಲನೆಯದಾಯಿತು. ಇನ್ನೊಂದೇ ಮನೆ ಬೇಕಿತ್ತು.

ಏಳನೇ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ಬೇಕರಿಯವನಿದ್ದ. ಗಂಡ, ಹೆಂಡತಿ, ನಾಲ್ಕು ಮಕ್ಕಳು, ಸರಿಯಾಗಿ ಆರು. ಬೆಳಗ್ಗೆ ಒಲೆಯ ಪಾಳಿ ಮುಗಿಸಿ ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಬರುತ್ತಿದ್ದ. ಅವನ ಅಣ್ಣ ಸತ್ತ ಮೇಲೆ ಅತ್ತಿಗೆ ಅವನ ಮುದುಕಿ ತಾಯಿಯನ್ನು ತಂದು ಇವನ ಬಾಗಿಲಲ್ಲಿ ಕೂರಿಸಿ ಹೋಗಿದ್ದಳು. ಮುದುಕಿಗೆ ಮರೆವಿನ ಕಾಯಿಲೆ. ತಪಾಸಣೆಯ ಸುದ್ದಿ ಬಂದಾಗಲೆಲ್ಲ ಬೇಕರಿಯವನ ಹೆಂಡತಿ ಅತ್ತೆಯನ್ನು ತಾರಸಿಗೆ ಕರೆದೊಯ್ದು ನೀರಿನ ಟ್ಯಾಂಕಿನ ನೆರಳಲ್ಲಿ ಕೂರಿಸುತ್ತಿದ್ದಳು. ಆ ದಿನ ಸುದ್ದಿ ಬಂದಿರಲಿಲ್ಲ. ಬಾಗಿಲು ತೆಗೆದವಳು ಮುದುಕಿಯೇ. ಬಾಯಿತುಂಬ ನೊರೆ, ಕೈಯಲ್ಲಿ ಬ್ರಷ್.

"ಬಾ ಮಗಳೇ, ಬಾ. ಯಾವಾಗ ಬಂದೆ? ಎಷ್ಟು ದಿನ ಇರ್ತೀಯ?" ಎಂದು ಮುದುಕಿ ಆಕೆಯ ಕೈ ಹಿಡಿದು ಒಳಗೆ ಎಳೆದುಕೊಂಡಳು.

"ನೀವು ಯಾವಾಗ ಬಂದ್ರಿ ಅಮ್ಮ?"

"ನಾನಾ? ಚೆನ್ನಾಗಿ ಕೇಳ್ದೆ! ನಾನು ಹುಟ್ಟಿದಾಗಿಂದ ಇಲ್ಲೇ ಇದೀನಿ."

ಅಡುಗೆಮನೆಯಿಂದ ಓಡಿ ಬಂದ ಸೊಸೆ ಹಾಗೇ ಗೋಡೆಗೆ ಒರಗಿ ನಿಂತುಬಿಟ್ಟಳು. ಬೇಕರಿಯವನು ಮಾತ್ರ ಒಂದು ಪ್ರಶ್ನೆ ಕೇಳಿದನಂತೆ: "ಏಳರಲ್ಲಿ ಯಾರನ್ನ ಕಳೀಲಿ ಮೇಡಂ? ನೀವೇ ಹೇಳಿ."

"ಅದು ನಿಮ್ಮ ಮನೆ ವಿಷಯ," ಎಂದು ಆಕೆ ಏಳು ಎಂದು ಬರೆದು ಬಂದಳು. ಮೂವತ್ತು ದಿನದ ನೋಟಿಸು ಹೋಯಿತು.

ಬೇಕರಿಯವನು ಎರಡು ವಾರ ಒದ್ದಾಡಿ ಕೊನೆಗೆ ತಾಯಿಯನ್ನು ನದಿಯಾಚೆಯ ವೃದ್ಧಾಶ್ರಮಕ್ಕೆ ಸೇರಿಸಿ ಬಂದ. ರಸೀದಿ ತಂದು ನನ್ನ ಮೇಜಿನ ಮೇಲೆ ಇಟ್ಟ. ಅಂದು ಅವನ ಹುಬ್ಬಿನಲ್ಲಿ ಹಿಟ್ಟಿರಲಿಲ್ಲ. ಕೆಲಸಕ್ಕೆ ಹೋಗಿಲ್ಲವೆಂದು ಗೊತ್ತಾಯಿತು. ನಾನು ರಸೀದಿಯನ್ನು ಆಕೆಯ ಫೈಲಿಗೆ ಹಾಕಿದೆ. ಆರು ಜನ ಆಯಿತು, ಮನೆ ಉಳಿಯಿತು ಎಂದುಕೊಂಡೆ. ಆಕೆಯೂ ಹಾಗೇ ಅಂದುಕೊಂಡಿರಬೇಕು. ಟೈರ್ ಅಂಗಡಿಯ ಮಾಲೀಕ ದೊಡ್ಡ ಹುಡುಗಿಯ ಕೈ ಹಿಡಿದೆಳೆದಿದ್ದ ವಾರ ಅದು.

ಮೂವತ್ತನೇ ದಿನ ಬೆಳಗ್ಗೆ ಮರುತಪಾಸಣೆ. ಆಕೆ ಮೂರನೇ ಮಹಡಿ ಹತ್ತಿದಾಗ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಮುದುಕಿ ಕೂತಿದ್ದಳು. ಮೈಮೇಲೆ ಆಶ್ರಮದ ನೀಲಿ ಬಟ್ಟೆ, ಕಾಲಲ್ಲಿ ಚಪ್ಪಲಿಯಿಲ್ಲ, ಒಡೆದ ಹಿಮ್ಮಡಿಯಲ್ಲಿ ಒಣಗಿದ ರಕ್ತ. ಮಗನ ಹೆಸರೇ ನೆನಪಿಲ್ಲದವಳು ಸೇತುವೆ ದಾಟಿ, ಅಷ್ಟು ರಸ್ತೆ ದಾಟಿ, ಒಂದೇ ಥರದ ಹನ್ನೊಂದು ಕಟ್ಟಡಗಳಲ್ಲಿ ಸರಿಯಾದದ್ದನ್ನೇ ಹುಡುಕಿಕೊಂಡು ಬಂದಿದ್ದಳು.

ಸೊಸೆ ಬಾಗಿಲಲ್ಲೇ ಕೈಮುಗಿದಳು. "ನಿನ್ನೆ ಸಾಯಂಕಾಲ ಬಂದ್ರು ಮೇಡಂ. ನಿಜವಾಗ್ಲೂ ನಿನ್ನೆ. ಆಶ್ರಮಕ್ಕೆ ಫೋನ್ ಮಾಡಿ ಕೇಳಿ. ಮಕ್ಕಳಾಣೆಗೂ ನಿನ್ನೆ."

ಆಕೆ ಬರೆದದ್ದು ಹೀಗೆ: 'ಏಳು ಜನ. ಹೆಚ್ಚುವರಿ ವ್ಯಕ್ತಿ ನೋಟಿಸಿನ ದಿನದಿಂದ ಸತತವಾಗಿ ಇಲ್ಲಿಯೇ ವಾಸ.' ಫೈಲಿನಿಂದ ಆಶ್ರಮದ ರಸೀದಿ ಕಾಣೆಯಾಯಿತು. ನಾನು ಕೇಳಲಿಲ್ಲ. ಅಲ್ಲಿ ಇಟ್ಟವನು ನಾನೇ, ಇಲ್ಲದ್ದನ್ನು ನೋಡಿದವನೂ ನಾನೇ. ಆದರೂ ಮನೆ ಬಿಡಿಸುವ ಆದೇಶವನ್ನು ಒಂದು ಅಕ್ಷರ ತಪ್ಪಿಲ್ಲದೆ ಟೈಪ್ ಮಾಡಿ ಸಹಿಗೆ ಕಳಿಸಿದೆ.

ತಂಗಿ ಆ ಮನೆಗೇ ಬಂದಳು. ಕಪಾಟಿನ ಸಂದಿಯಲ್ಲಿ ಇನ್ನೂ ಹಿಟ್ಟಿತ್ತಂತೆ. ಅಕ್ಕತಂಗಿ ಇಬ್ಬರೂ ಬಕೆಟ್ಟು ಇಟ್ಟುಕೊಂಡು ತೊಳೆದರು. ಹುಡುಗಿಯರು ಬಚ್ಚಲಿನ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡಿದರು. ಅದನ್ನು ಕಂಡು ತನಗೆ ಅಳು ಬಂತೆಂದು ಆಕೆ ಮರುದಿನ ನನಗೆ ಹೇಳಿದಳು. "ನಾನು ಮಾಡಿದ್ದು ಸರಿನೋ ತಪ್ಪೋ, ಆ ಹುಡುಗಿ ಇವತ್ತು ಚಿಲಕ ಹಾಕ್ಕೊಂಡು ಸ್ನಾನ ಮಾಡಿದ್ಲು," ಎಂದಳು.

ಎರಡು ವರ್ಷ ಕಳೆಯಿತು. ಸಂಬಂಧಿಕರು ಇರುವ ಕಟ್ಟಡಕ್ಕೆ ತಪಾಸಣೆಗೆ ಹೋಗಬಾರದೆಂಬ ನಿಯಮದಿಂದ ಏಳನೇ ಕಟ್ಟಡ ಬೇರೆಯವರಿಗೆ ಹೋಗಿತ್ತು. ತಂಗಿಯೇ ಭಾನುವಾರ ಅಕ್ಕನ ಮನೆಗೆ ಬರುತ್ತಿದ್ದಳು, "ನೀನ್ಯಾಕೆ ಮೆಟ್ಟಿಲು ಹತ್ತಿ ಮಂಡಿ ಸವೆಸ್ಕೋತೀಯ?" ಎನ್ನುತ್ತಿದ್ದಳು. ಒಂದು ಸಂಜೆ ಆಸ್ಪತ್ರೆಯ ಕಾಗದವೇನನ್ನೋ ಕೊಡಲು ಆಕೆ ತಾನಾಗಿ ಹೋದಳು. ಹೆಗಲಿಗೆ ಟವೆಲ್ ಹಾಕಿಕೊಂಡ ಒಬ್ಬ ಗಂಡಸು ಬಾಗಿಲು ತೆಗೆದ.

"ಓನರ್ ಇಲ್ಲಿರಲ್ಲ. ಬಾಡಿಗೆ ತಗೊಳ್ಳೋಕೆ ತಿಂಗಳಿಗೊಂದ್ಸಲ ಬರ್ತಾರೆ."

"ಓನರ್ರಾ?" ಎಂದಳು ಆಕೆ.

ತಂಗಿ ಲಾರಿ ಇಟ್ಟುಕೊಂಡಿದ್ದ ಒಬ್ಬನನ್ನು ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಸ್ವಂತ ಮನೆ, ಅಂಗಳ, ಮೇಲೊಂದು ಮಹಡಿ. ಅಕ್ಕನಿಗೆ ತಿಳಿಸಿದರೆ ಮನೆ ಹೋಗುತ್ತದೆ ಎಂದು ಮದುವೆಯನ್ನೇ ಮುಚ್ಚಿಟ್ಟಿದ್ದಳು. ಆಕೆ ಅಲ್ಲಿಗೇ ಹೋಗಿ ಅಂಗಳದಲ್ಲಿ ನಿಂತು ಕೇಳಿದಳು.

"ನಿನಗೆ ನಾಚಿಕೆ ಆಗಲ್ವೇನೇ? ಅದು ಯಾರ ಮನೆ ಗೊತ್ತಾ?"

"ಗೊತ್ತು. ಬೇಕರಿಯವನದು. ಅವನ ಹೆಂಡ್ತಿ ಎರಡು ಸಲ ಬಂದು ಕಪಾಟಿನಲ್ಲಿ ಬಿಟ್ಟಿದ್ದ ಪಾತ್ರೆ ತಗೊಂಡು ಹೋದ್ಲು. ಎಲ್ಲಾ ಹೇಳಿದ್ಲು."

"ಎಲ್ಲಾ ಗೊತ್ತಿದ್ದೂ..."

"ಅಕ್ಕ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಮೂವತ್ತೊಂದು ಮನೆ ಖಾಲಿ ಮಾಡಿಸ್ದೋಳು ನೀನು. ನಾನು ಒಂದೇ ಒಂದು ಖಾಲಿ ಮಾಡಿದ್ದು, ಅದೂ ನನ್ನದೇ. ನನಗೆ ನೀನು ಬುದ್ಧಿ ಹೇಳ್ತೀಯಾ? ಇವನು ನಾಳೆ ಹೊರಗೆ ಹಾಕಿದ್ರೆ ಮತ್ತೆ ಟೈರ್ ಅಂಗಡಿಗೆ ಹೋಗ್ಲಾ? ನನ್ನ ಕೈಲಿ ಒಂದು ಮನೆ ಇರ್ಲಿ ಬಿಡು."

ಮರುದಿನ ಬೆಳಗ್ಗೆ ಆಕೆ ನನ್ನ ಮೇಜಿನ ಮುಂದೆ ಕೂತು ನೋಟಿಸು ಹೇಳಿ ಬರೆಸಿದಳು. ತಂಗಿಯ ಹೆಸರನ್ನು ಸ್ಪಷ್ಟವಾಗಿ, ತಂದೆಯ ಹೆಸರು ಸಮೇತ ಹೇಳಿದಳು. ಆ ತಂದೆ ಆಕೆಗೂ ತಂದೆಯೇ. ಮನೆ ಖಾಲಿಯಾಗಿ ಪಟ್ಟಿಯ ಮುಂದಿನವರಿಗೆ ಹೋಯಿತು. ಯಾರೋ ಬಸ್ಸು ತೊಳೆಯುವವನು, ಯಾರ ಕಥೆಗೂ ಸಂಬಂಧವಿಲ್ಲದವನು. ತಂಗಿ ಅಂದಿನಿಂದ ಅಕ್ಕನ ಮುಖ ನೋಡಿಲ್ಲ. ದೊಡ್ಡ ಹುಡುಗಿಯ ಮದುವೆಗೆ ಕಚೇರಿಯ ಜವಾನನನ್ನೂ ಕರೆದರು, ಆಕೆಯನ್ನು ಕರೆಯಲಿಲ್ಲ.

ಆಮೇಲೆ ಒಂದು ದಿನ ಆಕೆ, "ಹೊಸ ಅರ್ಜಿ ಫಾರಂ ಒಂದು ತಗೊಂಡು ನನ್ನ ಜೊತೆ ಬನ್ನಿ," ಎಂದಳು. ಬಸ್ ಡಿಪೋ ಹಿಂದೆ ಆ ಖಾಲಿ ಜಾಗದ ಅಂಚಿನಲ್ಲಿ ತಗಡಿನ ಕೋಣೆಗಳ ಸಾಲಿತ್ತು. ಅಲ್ಲಿ ನಾಲ್ಕನೆಯದರಲ್ಲಿ ಬೇಕರಿಯವನ ಸಂಸಾರ. ಹೆಂಡತಿ ನೆಲದಲ್ಲಿ ಕೂತು ಕಾಗದದ ಚೀಲ ಅಂಟಿಸುತ್ತಿದ್ದಳು. ನಮ್ಮನ್ನು ಕಂಡು ಏಳಲಿಲ್ಲ, ಬೈಯಲಿಲ್ಲ. ಅಂಟು ಒಣಗದಂತೆ ಮುಚ್ಚಳ ಮುಚ್ಚಿ ಕಾಯುತ್ತಾ ಕೂತಳು.

"ಆ ದಿನ ನಾನು ಸುಳ್ಳು ಬರೆದೆ," ಎಂದಳು ಆಕೆ ನಿಂತಲ್ಲೇ.

"ಗೊತ್ತು ಮೇಡಂ."

"ಅದನ್ನ ಕಚೇರಿಗೆ ಬರೆದು ಕೊಡ್ತೀನಿ. ಐದು ವರ್ಷದ ತಡೆ ತೆಗೀತಾರೆ. ನಿಮ್ಮತ್ತೆ ಎಲ್ಲಿ? ಅವರನ್ನೂ ಸೇರಿಸಿ ದೊಡ್ಡ ಮನೆಗೆ..."

"ಅತ್ತೆ ಮೊದಲನೇ ಚಳಿಗಾಲದಲ್ಲೇ ಹೋದ್ರು. ಈ ತಗಡು ರಾತ್ರಿ ಐಸ್ ಆಗುತ್ತೆ. ದಿನಾ ಎದ್ದು 'ಮನೆಗೆ ಹೋಗೋಣ' ಅಂತಿದ್ರು. ಮೂರು ಸಲ ಏಳನೇ ಕಟ್ಟಡದ ಬಾಗಿಲಲ್ಲಿ ಹೋಗಿ ಕೂತಿದ್ರು. ನಿಮ್ಮ ತಂಗಿನೇ ಆಟೋ ಹತ್ತಿಸಿ ಕಳಿಸಿದ್ರು, ಪಾಪ." ಅವಳು ಚೀಲಗಳನ್ನು ಪಕ್ಕಕ್ಕೆ ಸರಿಸಿದಳು. "ಈಗ ನಾವು ಆರೇ ಜನ ಇದೀವಿ ಮೇಡಂ. ಸರಿಯಾಗಿ ಆರು. ಬರ್ಕೊಳ್ಳಿ."

ಆಕೆ ನನ್ನ ಕೈಯಿಂದ ಫಾರಂ ತೆಗೆದುಕೊಂಡು, ಆ ನೆಲದಲ್ಲೇ ಕೂತು ತುಂಬಿದಳು. ಎರಡನೇ ಪುಟಕ್ಕೆ ಬಂದಾಗ ಪೆನ್ನನ್ನು ನನ್ನ ಕೈಗೆ ಕೊಟ್ಟಳು, ಅದನ್ನು ನಾನು ಬರೆದೆ.

ಆಕೆ ಕೊಟ್ಟ ಹೇಳಿಕೆಯನ್ನು ಅಧಿಕಾರಿ ನಿಧಾನವಾಗಿ ಎರಡು ಸಲ ಓದಿದರು. ನನ್ನನ್ನೂ ಕರೆಸಿದರು. "ರಸೀದಿ ಫೈಲಿನಲ್ಲಿತ್ತಾ?" ಎಂದು ಕೇಳಿದರು. ನನಗೆ ಪಿಂಚಣಿಗೆ ನಾಲ್ಕು ವರ್ಷ ಉಳಿದಿತ್ತು. "ನೆನಪಿಲ್ಲ ಸಾರ್," ಎಂದೆ. ಆಕೆ ನನ್ನ ಕಡೆ ತಿರುಗಿ ನೋಡಲಿಲ್ಲ.

"ನೋಡಿ ಮೇಡಂ," ಎಂದರು ಅಧಿಕಾರಿ ಅದೇ ಮೆಲುದನಿಯಲ್ಲಿ, "ನೀವು ಒಂದು ಸುಳ್ಳು ಒಪ್ಕೊಂಡ್ರೆ ಉಳಿದ ಮೂವತ್ತು ನಿಜಾನೂ ಸುಳ್ಳಾಗುತ್ತೆ. ಮೂವತ್ತು ಸಂಸಾರ ನಾಳೆ ಬಾಗಿಲಲ್ಲಿ ನಿಲ್ಲುತ್ತೆ. ಅವರನ್ನ ಎಲ್ಲಿಡೋಣ?" ಹೇಳಿಕೆಯನ್ನು ಮಡಚಿ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಶಿಕ್ಷೆಯೆಂದು ಯಾರೂ ಹೇಳಲಿಲ್ಲ; ವಯಸ್ಸಾಯಿತು, ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಆಕೆಯನ್ನು ಕೆಳಗಿನ ಅರ್ಜಿ ಕೌಂಟರಿಗೆ ಹಾಕಿದರು. ಐದು ವರ್ಷದ ತಡೆ ತಡೆಯಾಗಿಯೇ ಉಳಿಯಿತು. ನಾವು ತುಂಬಿದ ಫಾರಂ ವಾಪಸು ಬಂತು.

ತಡೆ ಮುಗಿದ ವಾರವೇ ಬೇಕರಿಯವನ ಹೆಂಡತಿ ಬಂದು ಸಾಲಿನಲ್ಲಿ ನಿಂತಳು. ನಾನು ಅಲ್ಲೇ ಪಕ್ಕದಲ್ಲಿದ್ದೆ. ಆಕೆ ಅರ್ಜಿ ತೆಗೆದುಕೊಂಡು ಮುದ್ರೆ ಒತ್ತಿ ಚೀಟಿ ಕೊಟ್ಟಳು: ಮುನ್ನೂರ ನಲವತ್ತು.

"ಎಷ್ಟು ವರ್ಷ ಆಗುತ್ತೆ ಮೇಡಂ?"

"ಈಗ ವರ್ಷಕ್ಕೆ ಇಪ್ಪತ್ತು ಮನೆ ಖಾಲಿ ಆಗ್ತಿದೆ. ಹದಿನೇಳು ವರ್ಷ."

ಅವಳು ಬೆರಳು ಮಡಚಿ ಏನೋ ಲೆಕ್ಕ ಹಾಕಿ ನಕ್ಕಳು. "ಅಷ್ಟೊತ್ತಿಗೆ ಮಕ್ಕಳೆಲ್ಲ ಅವರವರ ದಾರಿ ಹಿಡಿದಿರ್ತಾರೆ. ನಾವಿಬ್ರೇ ಇರ್ತೀವಿ. ಇಬ್ಬರಿಗೆ ಎರಡು ಕೋಣೆ ಕೊಡ್ತಾರಾ?"

"ಕೊಡಲ್ಲ," ಎಂದಳು ಆಕೆ. "ಇಬ್ಬರಿಗೆ ಒಂದು ಕೋಣೆ. ಅದಕ್ಕೆ ಬೇರೆ ಪಟ್ಟಿ ಇದೆ."

ಬೇಕರಿಯವನ ಹೆಂಡತಿ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಹಾಗಾದರೆ ಆ ಪಟ್ಟಿಯ ಸಾಲು ಎಲ್ಲಿದೆ ಎಂದು ಕೇಳಿದಳು. ಆಕೆ ಕೈಯೆತ್ತಿ ಪಕ್ಕದ ಕಿಟಕಿ ತೋರಿಸಿದಳು. ಅಲ್ಲಿ ಆಗಲೇ ಬಾಗಿಲಾಚೆಯವರೆಗೆ ಜನ ನಿಂತಿದ್ದರು.